ತಾಜಾ ಬ್ರೆಡ್ಡಿನ ಲೆಕ್ಕ, ಹಳೆಯ ಮಿಠಾಯಿಯ ನೆನಪು

ಬೇಕರಿ ವರ್ತಕರಿಗೆ ಗ್ರಾಹಕರಿಂದ ಎರಡು ಬಗೆಯ ಮಾತು ಮೇಲಿಂದ ಮೇಲೆ ಕೇಳಿಬರುತ್ತದೆ. "ಈ ಬ್ರೆಡ್ಡು ಇವತ್ತಿನದೇನ್ರೀ?" ಎಂಬುದು ಒಂದು. "ಮೊದಲೆಲ್ಲ ಕಮ್ಮರಕಟ್ಟು ಸಿಗುತ್ತಿತ್ತು, ಈಗ ಯಾಕೆ ಇಟ್ಟಿಲ್ಲ?" ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳುವಾಗ ಗ್ರಾಹಕನ ಕೈ ಜೇಬಿನಲ್ಲಿರುತ್ತದೆ. ಎರಡನೆಯದನ್ನು ಹೇಳುವಾಗ ಬಹುತೇಕ ಇರುವುದಿಲ್ಲ. ಈ ವ್ಯತ್ಯಾಸವನ್ನು ಗಮನಿಸದೆ ಎರಡನ್ನೂ ಬೇಡಿಕೆಯೆಂದೇ ಭಾವಿಸಿ ಬಂಡವಾಳ ಹೂಡುವ ಸಣ್ಣ ತಯಾರಕರು ನಷ್ಟಕ್ಕೆ ಗುರಿಯಾಗುವುದು ಆಶ್ಚರ್ಯದ ಸಂಗತಿಯಲ್ಲ.

ಹಾಸನ ಸೀಮೆಯಿಂದ ಬಂದ ಅಯ್ಯಂಗಾರ್ ಕುಟುಂಬಗಳು ಬೆಂಗಳೂರಿನಲ್ಲೂ ರಾಜ್ಯದ ಇತರ ಪಟ್ಟಣಗಳಲ್ಲೂ ಬೇಕರಿಗಳನ್ನು ಕಟ್ಟಿ ಬೆಳೆಸಿದ್ದು ಜಾಹೀರಾತಿನ ಬಲದಿಂದಲ್ಲ. ಒಲೆಯಿಂದ ಇಳಿದ ಬ್ರೆಡ್ಡು, ಖಾರಾ ಬನ್ನು, ದಿಲ್‌ಪಸಂದ್‌ಗಳು ಅದೇ ದಿನ ಅದೇ ಬೀದಿಯವರ ಮನೆ ಸೇರುತ್ತಿದ್ದುದೇ ಅವುಗಳ ಬಂಡವಾಳ. ಸಣ್ಣ ಕೈಗಾರಿಕೆಗಳಿಗೆ ಮೀಸಲಾದ ವಸ್ತುಗಳ ಪಟ್ಟಿಯಲ್ಲಿ ಬ್ರೆಡ್ಡು ಬಹುಕಾಲ ಇತ್ತು. 2015ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪಟ್ಟಿಯಲ್ಲಿ ಉಳಿದಿದ್ದ ಕೊನೆಯ 20 ವಸ್ತುಗಳನ್ನೂ ತೆಗೆದುಹಾಕಿದಾಗ ಬ್ರೆಡ್ಡಿಗಿದ್ದ ಆ ರಕ್ಷಣೆಯೂ ಹೋಯಿತು. ಬೃಹತ್ ಕಂಪನಿಗಳ ಯಂತ್ರ, ವಿತರಣಾ ಜಾಲ, ಪ್ರಚಾರಗಳೊಡನೆ ಸಣ್ಣ ಬೇಕರಿ ಸೆಣಸಲಾರದು. ಅದರ ಕೈಯಲ್ಲಿ ಉಳಿದಿರುವ ಅಸ್ತ್ರ ತಾಜಾತನವೊಂದೇ. ಅದನ್ನೂ ಕೈಚೆಲ್ಲುತ್ತಿರುವ ಬೇಕರಿಗಳನ್ನು ಕಂಡಾಗ ವಿಷಾದವೆನಿಸುತ್ತದೆ.

ಬ್ರೆಡ್ಡು ಹಳತಾಗುವುದೆಂದರೆ ಒಣಗುವುದು ಎಂಬುದು ಸಾಮಾನ್ಯ ಗ್ರಹಿಕೆ. ತೇವಾಂಶ ನಷ್ಟವಾಗದಿದ್ದರೂ ಬ್ರೆಡ್ಡು ಗಡುಸಾಗುತ್ತದೆಂಬುದನ್ನು ಫ್ರೆಂಚ್ ರಸಾಯನಶಾಸ್ತ್ರಜ್ಞ ಬೂಸಿಂಗೋ 1852ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದನು. ಬೇಯುವಾಗ ನೀರು ಹೀರಿ ಮೆತ್ತಗಾದ ಪಿಷ್ಟವು ತಣ್ಣಗಾದಂತೆ ಮತ್ತೆ ಹರಳುಗಟ್ಟುವುದೇ ಇದಕ್ಕೆ ಮುಖ್ಯ ಕಾರಣ. ಈ ಕ್ರಿಯೆ ಫ್ರಿಜ್ಜಿನ ತಂಪಿನಲ್ಲಿ ಇನ್ನಷ್ಟು ತ್ವರಿತ. ಗೃಹಿಣಿ ಕಾಳಜಿಯಿಂದ ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟು, ಮರುದಿನ ಅದು ಗಟ್ಟಿಯಾದಾಗ ಬೇಕರಿಯವನನ್ನು ದೂರುತ್ತಾಳೆ. ಬೂಷ್ಟು ಹಿಡಿಯುವುದು ಬೇರೆಯೇ ವಿಷಯ. ಬಿಸಿ ಆರುವ ಮುನ್ನವೇ ಬ್ರೆಡ್ಡನ್ನು ಚೀಲಕ್ಕೆ ತುಂಬಿದರೆ ಒಳಗೆ ಬೆವರಿ ಬೂಷ್ಟಿಗೆ ಆಹ್ವಾನ ಕೊಟ್ಟಂತೆಯೇ ಸರಿ. ಎರಡು ದಿನದೊಳಗೆ ತಿನ್ನುವುದಾದರೆ ಹೊರಗಿಡಿ, ಗಟ್ಟಿಯಾದರೆ ಕಾವಲಿಯ ಮೇಲೆ ಬಿಸಿಮಾಡಿ ಎಂಬ ಒಂದು ಸಾಲನ್ನು ಚೀಲದ ಮೇಲೆ ಅಚ್ಚು ಹಾಕಿಸಲು ಹೆಚ್ಚಿನ ಖರ್ಚೇನೂ ಬಾರದು.

ಈಗ ಲೆಕ್ಕಕ್ಕೆ ಬರಬಹುದು. ಒಂದು ಬೇಕರಿ ದಿನಕ್ಕೆ 200 ಬ್ರೆಡ್ಡು ತಯಾರಿಸಿ ಅಂಗಡಿಗಳಿಗೆ ಹಾಕುತ್ತದೆಂದು ಭಾವಿಸೋಣ. ಒಂದಕ್ಕೆ ತಯಾರಿಕಾ ವೆಚ್ಚ 30 ರೂ., ಅಂಗಡಿಗೆ ಕೊಡುವ ದರ 36 ರೂ. ಎಲ್ಲವೂ ಮಾರಾಟವಾದರೆ ಲಾಭ 1,200 ರೂ. ಇಪ್ಪತ್ತು ಬ್ರೆಡ್ಡು ವಾಪಸು ಬಂದರೆ ಆದಾಯ 6,480 ರೂ., ವೆಚ್ಚ ಅದೇ 6,000 ರೂ., ಉಳಿಯುವುದು 480 ರೂ. ಮಾತ್ರ. ನೂರಕ್ಕೆ ಹತ್ತು ವಾಪಸಾತಿ ಲಾಭದ ನೂರಕ್ಕೆ ಅರವತ್ತನ್ನು ನುಂಗಿತು! ಮೂವತ್ತನಾಲ್ಕು ವಾಪಸು ಬಂದರೆ ಮಾಲೀಕ ಕೈಯಿಂದಲೇ ಹಣ ಹಾಕಬೇಕಾಗುತ್ತದೆ. ಅದೇ ಬೇಕರಿ 180 ಮಾತ್ರ ತಯಾರಿಸಿ ಅಷ್ಟನ್ನೂ ಮಾರಿದರೆ ಲಾಭ 1,080 ರೂ. ಬಾಡಿಗೆ, ಸಂಬಳಗಳು ಅದೇ ಪ್ರಮಾಣದಲ್ಲಿ ಇಳಿಯವು, ಆದ್ದರಿಂದ ನಿಜವಾದ ಮೊತ್ತ ಇನ್ನೂ ಕೊಂಚ ಕಡಿಮೆಯಿರಬಹುದು. ಆದರೂ 480 ರೂ.ಗಿಂತ ಬಹಳ ಮೇಲು. ಹೀಗಿದ್ದೂ ಅನೇಕ ಬೇಕರಿಗಳ ಪುಸ್ತಕದಲ್ಲಿ ವಾಪಸು ಮಾಲಿಗೆ ಪ್ರತ್ಯೇಕ ಖಾತೆಯೇ ಇರುವುದಿಲ್ಲ. ಮಾರಾಟದಲ್ಲಿ ಕಳೆದುಬಿಡುತ್ತಾರೆ, ಯಾವ ಅಂಗಡಿಯಿಂದ ಯಾವ ವಾರ ಎಷ್ಟು ಬಂತೆಂಬುದು ಯಾರಿಗೂ ತಿಳಿಯದು. ಒಂದು ನಲವತ್ತು ಪುಟದ ನೋಟ್‌ಬುಕ್ ಸಾಕು ಇದಕ್ಕೆ, ಗಣಕಯಂತ್ರವೂ ಬೇಡ.

ವಾಪಸು ಬಂದ ಮಾಲನ್ನು ಏನು ಮಾಡುವುದೆಂಬುದರಲ್ಲೇ ವ್ಯಾಪಾರದ ಮಾನ ಅಡಗಿದೆ. ತನ್ನ ಬೇಕರಿಯಲ್ಲಿಯೇ ಮಿಕ್ಕ, ಇನ್ನೂ ಚೆನ್ನಾಗಿರುವ ಬ್ರೆಡ್ಡನ್ನು ರಸ್ಕ್ ಮಾಡುವುದು ಬೇರೆ. ಅಂಗಡಿ ಅಂಗಡಿ ಸುತ್ತಿ ದಿನಾಂಕ ಮೀರಿ ಬಂದದ್ದನ್ನು ಬಳಸುವುದು ಬೇರೆ. ಚೀಟಿ ಬದಲಿಸಿ ಮತ್ತೆ ಮಾರುವುದಂತೂ ಅಪರಾಧವೇ ಸರಿ. 2016ರ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ತಾನು ಪರೀಕ್ಷಿಸಿದ 38 ಮಾದರಿಗಳಲ್ಲಿ ಶೇಕಡಾ 84ರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಅಂಶವಿದೆಯೆಂದು ಪ್ರಕಟಿಸಿತು. ಮರು ತಿಂಗಳೇ ಬ್ರೋಮೇಟ್ ಬಳಕೆ ನಿಷೇಧಕ್ಕೆ ಒಳಗಾಯಿತು. ಇಂತಹ ಸುದ್ದಿ ಬಂದಾಗ ತಪ್ಪು ಮಾಡಿದವನ ಜೊತೆ ಮಾಡದವನ ಬ್ರೆಡ್ಡೂ ಕಪಾಟಿನಲ್ಲೇ ಉಳಿಯುತ್ತದೆ. 2020ರ ಅಕ್ಟೋಬರ್ 1ರಿಂದ ಬಿಡಿ ಸಿಹಿತಿಂಡಿಗಳ ತಟ್ಟೆಯ ಮುಂದೂ ಯಾವ ದಿನಾಂಕದೊಳಗೆ ಸೇವಿಸುವುದು ಉತ್ತಮವೆಂಬುದನ್ನು ತೋರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದಾಗ ಹಲವು ವರ್ತಕರು ಗೊಣಗಿದ್ದುಂಟು. ವಾಸ್ತವವಾಗಿ ದಿನವೂ ತಾಜಾ ಮಾಡುವವನಿಗೆ ಆ ಚೀಟಿ ಪುಕ್ಕಟೆ ಜಾಹೀರಾತು.

ತೆರಿಗೆಯ ಬಗ್ಗೆ ಒಂದೆರಡು ಮಾತು. ಬ್ರೆಡ್ಡಿಗೆ ಜಿಎಸ್‌ಟಿ ಇಲ್ಲ. ಬಿಸ್ಕತ್ತು, ಕೇಕುಗಳ ಮೇಲಿದ್ದ ಶೇಕಡಾ 18 ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿದೆ. ಎರಡನ್ನೂ ತಯಾರಿಸುವವರು ಕೊಂಡ ಸಾಮಗ್ರಿಗೆ ಕೊಟ್ಟ ತೆರಿಗೆಯಲ್ಲಿ ಬ್ರೆಡ್ಡಿನ ಪಾಲನ್ನು ಹೂಡುವಳಿ ತೆರಿಗೆ ಜಮೆಯಿಂದ ಹಿಂದಿರುಗಿಸಬೇಕು. ಕೆಟ್ಟು ಎಸೆದ ಕೇಕಿನ ಪಾಲಿನದೂ ದಕ್ಕದು. ಹಳಸಿದ ಮಾಲಿನ ನಷ್ಟ ಕಣ್ಣಿಗೆ ಕಾಣುವುದಕ್ಕಿಂತ ತುಸು ದೊಡ್ಡದೇ.

ಇನ್ನು ನೆನಪಿನ ಮಿಠಾಯಿ. ಕಮ್ಮರಕಟ್ಟು, ಶುಂಠಿ ಪೆಪ್ಪರಮೆಂಟು, ಗಾಜಿನ ಭರಣಿಯ ಬಣ್ಣದ ಗೋಲಿಗಳು ರುಚಿ ಕೆಟ್ಟು ಮರೆಯಾದವೇನಲ್ಲ. ನಾಲ್ಕಾಣೆಗೆ ಮಾರುತ್ತಿದ್ದ ವಸ್ತುವಿಗೆ ನಾಲ್ಕಾಣೆಯೇ ಇಲ್ಲವಾಯಿತು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡವು. ಐವತ್ತು ಪೈಸೆ ಇಂದಿಗೂ ಕಾನೂನುಬದ್ಧವೇ, ಆದರೆ ಯಾವ ಅಂಗಡಿಯವನು ತೆಗೆದುಕೊಳ್ಳುತ್ತಾನೆ? ಮುಂದೆ ಚಿಲ್ಲರೆಗೆ ಬದಲಾಗಿ ಮಿಠಾಯಿ ಕೊಡುವ ರೂಢಿ ಕೆಲಕಾಲ ಅವುಗಳಿಗೆ ಆಸರೆಯಾಗಿತ್ತು. ಮೊಬೈಲಿನಲ್ಲಿ ಪೈಸೆ ಸಹಿತ ಹಣ ಸಂದಾಯ ಮಾಡುವ ಪದ್ಧತಿ ಬಂದ ಮೇಲೆ ಆ ಆಸರೆಯೂ ಸಡಿಲವಾಯಿತು.

ಜನರ ಹಂಬಲಕ್ಕೆ ಉದ್ಯಮ ಓಗೊಟ್ಟ ಪ್ರಸಂಗ ಇಲ್ಲದಿಲ್ಲ. ಪಾರ್ಲೆ ಕಂಪನಿಯು 2006ರಲ್ಲಿ ನಿಲ್ಲಿಸಿದ್ದ ರೋಲಾ ಕೋಲಾ ಮಿಠಾಯಿಯನ್ನು, ಟ್ವಿಟರ್‌ನಲ್ಲಿ ಅಭಿಮಾನಿಗಳು ದನಿಯೆತ್ತಿದ ಬಳಿಕ, 2019ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಆದರೆ ಅಂತಹ ಕಂಪನಿಗೆ ಯಂತ್ರವೂ ಇದೆ, ದೇಶದಾದ್ಯಂತ ಅಂಗಡಿಗಳೂ ಇವೆ, ಪ್ರಯೋಗ ಕೈಕೊಟ್ಟರೆ ತಡೆದುಕೊಳ್ಳುವ ಶಕ್ತಿಯೂ ಇದೆ. ದಾವಣಗೆರೆಯಲ್ಲೋ ತಿಪಟೂರಿನಲ್ಲೋ ಇರುವ ಸಣ್ಣ ತಯಾರಕ ನಾಲ್ಕು ಮಂದಿ ಹಿರಿಯರ ಮೆಚ್ಚುಗೆಯ ಮಾತು ಕೇಳಿ ಅಚ್ಚು ಕೊಂಡು, ಸಾವಿರಾರು ಹೊದಿಕೆ ಮುದ್ರಿಸಿ ಕುಳಿತರೆ, ಆ ನಾಲ್ವರೂ ತಲಾ ಒಂದು ಪೊಟ್ಟಣ ಕೊಂಡು ಮೊಮ್ಮಕ್ಕಳಿಗೆ ತೋರಿಸಿ ಹೋಗುತ್ತಾರೆ. ಮೊಮ್ಮಗ ಚಾಕೊಲೇಟೇ ಕೇಳುತ್ತಾನೆ.

ಮಾಡಲೇಬೇಕೆಂಬ ಆಸೆಯಿರುವವರು ಗೌರಿ ಹಬ್ಬಕ್ಕೋ ಊರ ಜಾತ್ರೆಗೋ ಮುಂಗಡ ಹಣ ಪಡೆದು, ಬಂದ ಆರ್ಡರಿನಷ್ಟನ್ನೇ ಮಾಡಿಕೊಡುವುದು ಕ್ಷೇಮ. ಕಮ್ಮರಕಟ್ಟೆಂದರೆ ಬೆಲ್ಲ ಮತ್ತು ಕಾಯಿತುರಿ. ಕಾಯಿಯ ಎಣ್ಣೆ ಕಮಟು ಬಿಡಲು ಬಹಳ ಕಾಲ ಬೇಕಿಲ್ಲ. ಅದನ್ನು ಭರಣಿಗೆ ತುಂಬಿದ ದಿನವೇ ಗ್ರಾಹಕ ಬ್ರೆಡ್ಡಿಗೆ ಕೇಳುವ ಪ್ರಶ್ನೆಯನ್ನೇ ಇದಕ್ಕೂ ಕೇಳುತ್ತಾನೆ, ಇವತ್ತಿನದೇನ್ರೀ ಎಂದು.