ರೊಟ್ಟಿ ಮುಗದಾವ್ರೀ!

ಅಣ್ಣಿಗೇರಿಯಲ್ಲಿ ನಮ್ಮ ಕಾಕಾನ ಖಾನಾವಳಿ ಇದೆ. ಹೋದ ತಿಂಗಳು ಅದಕ್ಕೊಂದು ಆನ್‌ಲೈನ್ ಜಾಹೀರಾತು ಮಾಡಿಕೊಟ್ಟೆ. ‘ಅನ್‌ಲಿಮಿಟೆಡ್ ರೊಟ್ಟಿ ಊಟ’ ಅಂತ ದೊಡ್ಡದಾಗಿ ಬರೆದೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಹುಬ್ಬಳ್ಳಿಯಿಂದ ಒಂದು ಕುಟುಂಬ ಬಂತು. ಅಷ್ಟೊತ್ತಿಗೆ ರೊಟ್ಟಿ ಖಾಲಿ. ರಾತ್ರಿಯೊಳಗೆ ಒಂದೇ ಸ್ಟಾರ್ ಬಿತ್ತು. ಕಾಕಾ ಫೋನ್ ಮಾಡಿ ಕೇಳಿದ್ದಿಷ್ಟೇ: “ಅನ್‌ಲಿಮಿಟೆಡ್ ಅಂತ ಯಾರಿಗ್ ಕೇಳಿ ಬರದ್ಯೋ ತಮ್ಮಾ?”

ಮುಂದಿನ ವಾರ ಊರಿಗೆ ಹೋದಾಗ ಅಜ್ಜನ ಟ್ರಂಕಿನಲ್ಲಿ 1943ರ ಒಂದು ಮಾಸಪತ್ರಿಕೆ ಸಿಕ್ಕಿತು. ಕೊನೆಯ ಪುಟದಲ್ಲಿ ಹೋಟೆಲಿನ ಜಾಹೀರಾತು. ಸ್ಟೇಷನ್ ಹತ್ತಿರ, ಗಾಳಿ-ಬೆಳಕಿನ ಕೋಣೆ, ಸ್ನಾನಕ್ಕೆ ಬಿಸಿನೀರು, ಶುಚಿಯಾದ ಊಟ. ಊಟಕ್ಕೆ ಏನೇನಿದೆ ಅಂತ ಮಾತ್ರ ಒಂದಕ್ಷರ ಇಲ್ಲ!

ಯಾಕಿರಬಹುದು? ಅದು ಎರಡನೇ ಮಹಾಯುದ್ಧದ ಕಾಲ. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಗಿತ್ತು. ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1943ರ ಮೇ ತಿಂಗಳಲ್ಲಿ ಮುಂಬೈ ನಗರದಲ್ಲಿ ಧಾನ್ಯದ ರೇಷನ್ ಶುರುವಾಯಿತು. ನಮ್ಮ ನವಲಗುಂದ-ಅಣ್ಣಿಗೇರಿಯ ಎರೆ ಹೊಲದಲ್ಲಿ ಜೋಳವಾದರೂ ಇತ್ತು. ಅನ್ನ ನಂಬಿದ ಹೋಟೆಲಿನವರ ಪಾಡೇನು? ನಾಳೆ ಏನು ಸಿಗುತ್ತದೋ ತಿಳಿಯದಾಗ ತಿಂಡಿಯ ಪಟ್ಟಿ ಅಚ್ಚು ಹಾಕಿಸೋದು ಹೇಗೆ? ಖಾತ್ರಿ ಇದ್ದದ್ದನ್ನಷ್ಟೇ ಹೇಳಿದ್ದಾರೆ ಅನಿಸಿತು.

ಬೆಂಗಳೂರಿನ ಎಂಟಿಆರ್‌ನವರು ಹೇಳುವಂತೆ, ಅವರ ರವಾ ಇಡ್ಲಿ ಹುಟ್ಟಿದ್ದೂ ಈ ಯುದ್ಧಕಾಲದ ಅಕ್ಕಿಯ ಅಭಾವದಲ್ಲೇ. ಅಕ್ಕಿ ಇಲ್ಲ, ರವೆ ಇದೆ. ಅದನ್ನು ಮುಚ್ಚಿಡಲಿಲ್ಲ, ಹೆಸರಲ್ಲೇ ಹೇಳಿ ಬಡಿಸಿದರು. ಕೊರತೆಯಲ್ಲಿ ಹುಟ್ಟಿದ ಆ ತಿಂಡಿಯನ್ನು ಇವತ್ತು ನಾವು ಇಷ್ಟಪಟ್ಟು ಆರ್ಡರ್ ಮಾಡ್ತೀವಿ.

ಅವತ್ತೇ ಕೂತು ಜಾಹೀರಾತು ತಿದ್ದಿದೆ: ‘ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ. ಮಧ್ಯಾಹ್ನ 12ರಿಂದ 2.30. ರೊಟ್ಟಿ ಮುಗಿದರೆ ಮುಗೀತು, ದೂರದಿಂದ ಬರೋರು ಮೊದಲು ಫೋನ್ ಮಾಡ್ರಿ.’

ಕಾಕಾ ಕನ್ನಡಕ ಏರಿಸಿ ಎರಡು ಸಲ ಓದಿದ. “ಈಗ ನಾನ ಮಾತಾಡಿದಂಗಾತು ನೋಡು” ಅಂದ.

ಆ ಒಂದು ಸ್ಟಾರ್ ಇನ್ನೂ ಅಲ್ಲೇ ಇದೆ. ಅದರ ಕೆಳಗೆ, ತಪ್ಪು ಖಾನಾವಳಿಯದಲ್ಲ, ಜಾಹೀರಾತು ಬರೆದ ನನ್ನದು ಅಂತ ಕ್ಷಮೆ ಕೇಳಿದ್ದೇನೆ.