ಲಗೂ ಒತ್ತಿದವರಿಗೆ ಪಾಯಿಂಟು

ಹೋದ ತಿಂಗಳು ಒಂದಿನ ರಾತ್ರಿ ಊಟಾದ ಮ್ಯಾಲೆ ನಮ್ಮ ಮನಿಯವರು ಲ್ಯಾಪ್‌ಟಾಪ್ ಮುಂದ ಕೂತು ಪಟಪಟ ಒತ್ತಲಿಕ್ಕೆ ಹತ್ತಿದ್ರು. ಏನು ನಡಸೀರಿ ಅಂತ ಕೇಳಿದೆ. "ಆಫೀಸಿನ ಟ್ರೇನಿಂಗ್. ಮೋಸದ ಮೆಸೇಜು ಹೆಂಗ ಗುರುತು ಹಿಡೀಬೇಕು ಅಂತ ಅದ. ಮುಗಿಸಿದ್ರ ಪಾಯಿಂಟು, ಲಗೂ ಮುಗಿಸಿದ್ರ ಇನ್ನೂ ಜಾಸ್ತಿ ಪಾಯಿಂಟು" ಅಂದ್ರು. ವಿಡಿಯೋ ಒಂದು ಕಡೆ ತನ್ನಷ್ಟಕ್ಕ ತಾ ಓಡ್ತಿತ್ತು. ಉತ್ತರ ತಪ್ಪಾದ್ರ ಇವರು ಅದರ ಬಾಜೂಕಿಂದು ಒತ್ತೋರು. ಯಾಕ ತಪ್ಪು ಅಂತ ನೋಡಲಿಕ್ಕೆ ಪುರಸೊತ್ತು ಯಾರಿಗದ? ಆಫೀಸಿನ್ಯಾಗ ಎಲ್ಲಾರ ಹೆಸರೂ ಮ್ಯಾಲಿಂದ ಕೆಳಗ ಪಟ್ಟಿ ಮಾಡಿ ಹಾಕ್ತಾರಂತ. "ನಿನ್ನೆ ಮೊನ್ನೆ ಬಂದ ಹುಡುಗರು ಮ್ಯಾಲ, ನಾ ಕಡೀಕ" ಅಂದಾಗ ಅವರ ಮಾರಿ ನೋಡಿ ನನಗ ಕೆಟ್ಟನಿಸ್ತು. ಅಂತೂ ಬ್ಯಾಡ್ಜು ಬಂತು.

ಮುಂದಿನ ವಾರ ಅವರ ಫೋನಿಗೆ ಒಂದು ಮೆಸೇಜು. ಇವತ್ತೇ ಕೆವೈಸಿ ಮಾಡಸ್ಲಿಲ್ಲಂದ್ರ ಖಾತೆ ಬಂದ್ ಅಂತ. ಇವರ ಬೆರಳು ಲಿಂಕಿನ ತನಕಾ ಹೋಗಿತ್ತು. ಮಗಳು ಫೋನ್ ಕಸಗೊಂಡಳು, ಉಳದ್ವಿ.

ಅವತ್ತು ನನಗ ಹೊಳದದ್ದು ಇಷ್ಟ. ಮೋಸಗಾರರ ಬಂಡವಾಳನ ಅವಸರ. ಈಗಿಂದೀಗ ಒತ್ತು, ವಿಚಾರ ಮಾಡಬ್ಯಾಡ ಅಂತಾರ ಅವರು. ಆ ಟ್ರೇನಿಂಗ್ ಆಟಾನೂ ಅದನ್ನ ಕಲಿಸ್ತು, ಮ್ಯಾಲೆ ಬಹುಮಾನಾನೂ ಕೊಡ್ತು!

ಆಟ ಆಡಿಸಿ ಕಲಿಸೋದು ತಪ್ಪಂತ ನಾ ಅನ್ನಂಗಿಲ್ಲ. ನಾವೆಲ್ಲಾ ಆಡಿದ ಹಾವು-ಏಣಿ ಮೊದಲ ನಮ್ಮ ದೇಶದಾಗ ಕಲಿಸೋ ಆಟನ ಆಗಿತ್ತು. ಪರಮಪದ ಸೋಪಾನ ಅಂತ ಅದರ ಹೆಸರು. ಏಣಿ ಬುಡಕ್ಕ ಸದ್ಗುಣ, ಹಾವಿನ ಬಾಯಾಗ ದುರ್ಗುಣ. ಪಾಠ ಪಟದಾಗನ ಇತ್ತು, ಹೊರಗಿಂದ ಅಂಟಿಸಿದ್ದಲ್ಲ. ಹಾವು ನುಂಗಿದ್ರ ಕೆಳಗಿಳಿದು ಮತ್ತ ಏರೋದು, ಅದಕ್ಕ ನಾಚಿಕಿ ಇರಲಿಲ್ಲ.

ಪಟ್ಟಿ ಹಾಕಿ ಓಡಿಸೋದು ಬ್ಯಾರೆ ಮಾತು. ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಡಿಸ್ನಿಲ್ಯಾಂಡ್ ಹೋಟೆಲಿನವರು ಬಟ್ಟೆ ಒಗಿಯೋ ಕ್ವಾಣ್ಯಾಗ ದೊಡ್ಡ ಸ್ಕ್ರೀನ್ ಹಾಕಿ, ಯಾರು ಎಷ್ಟು ಲಗೂ ಕೆಲಸ ಮಾಡ್ತಾರ ಅಂತ ಹೆಸರಿನ ಸಂಗತೀನ ತೋರಸ್ತಿದ್ರು. 2011ರಾಗ ಇದು ಪೇಪರಿನ್ಯಾಗ ಬಂತು. ಕೆಲಸದವರು ಅದಕ್ಕ ಇಟ್ಟ ಹೆಸರು ಎಲೆಕ್ಟ್ರಾನಿಕ್ ಚಾಟಿ. ಆಡೋರಿಗೆ ಅದು ಚಾಟಿ ಅನಿಸ್ತಂದ್ರ ಅದು ಆಟ ಹೆಂಗಾದೀತು?

"ಪಾಯಿಂಟ್ ಇರಲಿಲ್ಲಂದ್ರ ಇಂಥಾ ಬ್ಯಾಸರದ ಪಾಠಕ್ಕ ಯಾರು ಕೂಡ್ತಾರ?" ಅಂತ ನಮ್ಮವರು ವಾದಾ ಮಾಡಿದ್ರು. ಅದೂ ಖರೇನ. ಕೂಡಸಲಿಕ್ಕೆ ಪಾಯಿಂಟು ಬೇಕಾದೀತು. ಆದ್ರ ಅದನ್ನ ಲಗೂ ಒತ್ತಿದ್ದಕ್ಕ ಯಾಕ ಕೊಡಬೇಕು? ತಪ್ಪು ಎಲ್ಲ್ಯದ ಅಂತ ಬಿಡಿಸಿ ಹೇಳಿದ್ದಕ್ಕ ಕೊಡ್ರಿ. ಎಲ್ಲಾರ ಪಟ್ಟಿ ಬ್ಯಾಡ, ಅವರವರ ಲೆಕ್ಕ ಅವರವರಿಗೆ ತೋರಸ್ರಿ.

ಈಗ ನಮ್ಮ ಮನ್ಯಾಗ ರಾತ್ರಿ ಊಟಕ್ಕ ಕೂತಾಗ 'ಖರೇ-ಖೊಟ್ಟಿ' ಆಟ ನಡದದ. ಮಗಳು ಐದು ಮೆಸೇಜು ಓದ್ತಾಳ. ಯಾವುದು ಖರೇ, ಯಾವುದು ಖೊಟ್ಟಿ, ಯಾಕ ಅಂತ ಹೇಳಬೇಕು. 'ಯಾಕ' ಹೇಳಲಿಲ್ಲಂದ್ರ ಪಾಯಿಂಟಿಲ್ಲ. ಗಡಿಯಾರ ನೋಡಂಗಿಲ್ಲ. ಸೋತವರು ತಾಟು ತೊಳೀಬೇಕು, ಅಷ್ಟ. ಓಟಿಪಿ ಕೇಳಿದವ ಬ್ಯಾಂಕಿನವ ಅಲ್ಲ, ರೊಕ್ಕ ಹೋದ್ರ ತಡಾ ಮಾಡದ 1930ಕ್ಕ ಫೋನ್ ಮಾಡಬೇಕು ಅನ್ನೋದು ಎಂಬತ್ತು ದಾಟಿದ ನಮ್ಮತ್ತಿಯವರಿಗೂ ಬಾಯಿಪಾಠ ಆಗ್ಯದ.

ನಮ್ಮವರು ಮೂರು ದಿನ ತಾಟು ತೊಳದ್ರು. ನಾಕನೇ ದಿನ ಲಿಂಕಿನ್ಯಾಗ ಒಂದು ಅಕ್ಷರ ಹೆಚ್ಚಿಗಿ ಇದ್ದದ್ದು ಎಲ್ಲಾರಕಿಂತ ಮೊದಲ ಅವರಿಗೇ ಕಂಡಿತು. ಅವತ್ತು ಅವರ ಮಾರಿ ನೋಡಬೇಕಿತ್ತು ನೀವು. ಬ್ಯಾಡ್ಜು ಬಂದಾಗ ಅಷ್ಟು ಅರಳಿದ್ದಿಲ್ಲ.