ಮಾರ್ಕ್ಸ್ ಎಂದರೆ ಗಡಿ, ಗಡಿ ಎಂದರೆ ನಾಡು

ಪರೀಕ್ಷೆ ಮುಗಿದ ಮೇಲೆ ‘ಮಾರ್ಕ್ಸ್ ಎಷ್ಟು ಬಂತು?’ ಎಂಬ ಮಾತು ಬೀದರಿನಲ್ಲೂ ಕೇಳುತ್ತದೆ, ಜಹೀರಾಬಾದಿನಲ್ಲೂ ಕೇಳುತ್ತದೆ. ಈ ‘ಮಾರ್ಕ್’ ಹಳೆಯ ಇಂಗ್ಲಿಷಿನಲ್ಲಿ ‘ಮೆಯಾರ್ಕ್’ ಆಗಿತ್ತು. ಆಗ ಅದರ ಮುಖ್ಯ ಅರ್ಥ ಗಡಿ. ಗಡಿ ತೋರುವ ಗುರುತಿಗೂ ಅದೇ ಹೆಸರು ಅಂಟಿತು. ಗುರುತು ಮುಂದೆ ಅಂಕವಾಯಿತು.

ಅದೇ ಬೇರಿನ ಇನ್ನೊಂದು ಕವಲು ಫ್ರೆಂಚ್ ದಾರಿ ಹಿಡಿದು ಬಂದ ‘ಮಾರ್ಚ್’. ಇದು ತಿಂಗಳ ಹೆಸರಲ್ಲ; ತಿಂಗಳು ರೋಮನ್ನರ ಯುದ್ಧದೇವತೆ ಮಾರ್ಸ್‌ನದು. ಈ ಮಾರ್ಚ್ ಎಂದರೆ ಗಡಿಸೀಮೆ. ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ನಾಡನ್ನು ಇಂದಿಗೂ ‘ವೆಲ್ಷ್ ಮಾರ್ಚಸ್’ ಎನ್ನುತ್ತಾರೆ. ಡೆನ್ಮಾರ್ಕಿನ ಬಾಲದಲ್ಲಿರುವುದೂ ಇದೇ ಬೇರಿನ ಪದ. ಅಂಥ ನಾಡನ್ನು ಕಾಯುವ ಒಡೆಯ ‘ಮಾರ್ಕ್ವಿಸ್’. ಆ ಗಡಿಗೆ ಅಗಲವಿತ್ತು. ಅದರೊಳಗೆ ಊರುಗಳಿದ್ದವು, ಹೊಲಗಳಿದ್ದವು.

ಕನ್ನಡದ ‘ಸೀಮೆ’ಯದೂ ಇದೇ ನಡೆ. ಸಂಸ್ಕೃತದಲ್ಲಿ ಎಲ್ಲೆಯಾಗಿದ್ದದ್ದು ಕನ್ನಡಿಗರ ಬಾಯಲ್ಲಿ ನಾಡೂ ಆಯಿತು. ಪರನಾಡಿನಿಂದ ಬಂದವು ಸೀಮೆಎಣ್ಣೆ, ಸೀಮೆಸುಣ್ಣ ಎನಿಸಿಕೊಂಡವು.

1956ರ ನವೆಂಬರ್ 1ರಂದು ರಾಜ್ಯಗಳ ಮರುವಿಂಗಡಣೆಯಾದಾಗ ಬೀದರ, ಗುಲಬರ್ಗಾ ಸೀಮೆಯ ಈ ಅಗಲ ಹೋಗಿ ಗೆರೆ ಉಳಿಯಿತು. ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು, ನಿರ್ಣಾ ಸರ್ಕಲ್ ಬಿಟ್ಟು ಮಿಕ್ಕ ಜಹೀರಾಬಾದ್ ತಾಲ್ಲೂಕು, ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ಆಂಧ್ರಪ್ರದೇಶಕ್ಕೆ ಸೇರಿದವು. ಈಗ ಅವು ತೆಲಂಗಾಣದಲ್ಲಿವೆ.

ನೆಲ ಮಾತ್ರ ಬೇರೆಯಾಗಲಿಲ್ಲ. ತಾಂಡೂರಿನ ಹಾಸುಗಲ್ಲೂ ಶಹಾಬಾದಿನ ಹಾಸುಗಲ್ಲೂ ಒಂದೇ ಸುಣ್ಣಕಲ್ಲಿನ ಪದರದವು. ತಾಂಡೂರಿನ ಕಡೆಯಿಂದ ಹರಿದುಬರುವ ಕಾಗಿಣಾ ಕಲಬುರಗಿ ಜಿಲ್ಲೆಯಲ್ಲಿ ಭೀಮೆಯನ್ನು ಕೂಡುತ್ತದೆ. ಗೆರೆಯ ಆಚೆಗೂ ಈಚೆಗೂ ತೊಗರಿಯೇ. ಕಲಬುರಗಿ ತೊಗರಿಗೂ ತಾಂಡೂರು ತೊಗರಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಉರ್ದು ಆಡುವ ಜನರಿಗೆ ಇದು ಇಂದಿಗೂ ಸೀಮೆಯೇ.

ಗೆರೆ ಜಾರಿಗೆ ಬಂದ ದಿನವೇ ಸಂವಿಧಾನದ 7ನೇ ತಿದ್ದುಪಡಿಯೂ ಜಾರಿಗೆ ಬಂತು. ಅದು ಸೇರಿಸಿದ 350ಎ ವಿಧಿಯ ಪ್ರಕಾರ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಕಲಿಕೆಗೆ ಅನುಕೂಲ ಒದಗಿಸಲು ರಾಜ್ಯ ಯತ್ನಿಸಬೇಕು. ಗೆರೆಗೆ ಸಿಕ್ಕ ನಿಷ್ಠೆ ಈ ವಿಧಿಗೂ ಸಿಗಬೇಕು. ತೆಲಂಗಾಣ ಕನ್ನಡ ಬಲ್ಲ ಶಿಕ್ಷಕರನ್ನು ನೇಮಿಸಲಿ, ಕರ್ನಾಟಕ ಪಠ್ಯಪುಸ್ತಕಗಳನ್ನು ಹೊತ್ತಿಗೆ ಸರಿಯಾಗಿ ತಲುಪಿಸಲಿ. ಜೂನ್‌ನಲ್ಲಿ ನಾರಾಯಣಖೇಡದ ಕನ್ನಡ ಮನೆಯ ಮಗು ಶಾಲೆಗೆ ಕಾಲಿಟ್ಟಾಗ, ಕರಿಹಲಗೆಯ ಮೇಲೆ ತೆಲುಗಿನ ಪಕ್ಕದಲ್ಲಿ ಕನ್ನಡದ ‘ಅ’ ಕೂಡ ಕಾಣಲಿ.